ವಾಡೆಯ ಮೇಲಿನ ಅಂಗೈ

ಇಲಿ ಬೀಳುವ ಹಿಂದಿನ ದಿನ ಎಲ್ಲ ದಿನಗಳ ಹಾಗೆಯೇ ಇತ್ತು. ಕೋಳಿ ಕೂಗುವಾಗ ಎದ್ದು, ಕಾಳು ತುಂಬಿಡುವ ಮಣ್ಣಿನ ವಾಡೆಯಿಂದ ರಾಗಿ ತೆಗೆದು ಬೀಸಿದೆ. ನೆಲ ಸಾರಿಸಿದೆ. ಉಳಿದ ಸಗಣಿಯನ್ನು ವಾಡೆಯ ಬಾಯಿಗೆ ಮುಚ್ಚಿದ ಕಲ್ಲಿನ ಮೇಲೆ, ಸಂದಿಗೆಲ್ಲ ಸೇರುವಂತೆ ಮೆತ್ತಿದೆ. ನಮ್ಮ ಯಜಮಾನರು ಬಂದು ಹಸಿ ಸಗಣಿಯ ಮೇಲೆ ಬಲಗೈ ಒತ್ತಿದರು.

ಅದು ಅವರ ಪದ್ಧತಿ. ಸಗಣಿ ಮೆತ್ತಿದರೆ ಹುಳ ಹೋಗುವುದಿಲ್ಲ, ಕೈ ಒತ್ತಿದರೆ ಮನುಷ್ಯರು ಹೋಗುವುದಿಲ್ಲ ಎನ್ನುತ್ತಿದ್ದರು. ಅವರ ನಡುಬೆರಳು ಅರ್ಧವೇ ಇತ್ತು. ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿತ್ತು. ಆ ಗುರುತು ಇನ್ನೊಬ್ಬರಿಗೆ ಬರುವಂತಿರಲಿಲ್ಲ.

ಅವರು ಯಾರನ್ನೂ ನಂಬುತ್ತಿರಲಿಲ್ಲ. ಬೀಗದಕೈ ಉಡಿದಾರದಲ್ಲೇ ಇರುತ್ತಿತ್ತು. ಉಪ್ಪಿನ ಮಡಕೆಗೆ ಬಟ್ಟೆ ಕಟ್ಟಿ ತಮ್ಮದೇ ಒಂದು ಗಂಟು ಹಾಕುತ್ತಿದ್ದರು. ಹಾಲಿನ ಗಡಿಗೆಯನ್ನು ಎತ್ತಿ ಭಾರ ನೋಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಬಾಳುತ್ತ ಬಾಳುತ್ತ ನಾನೂ ಹಾಗೆಯೇ ಆದೆ.

ಮಾರನೆಯ ದಿನ ವಾಡೆ ತೆಗೆಯುವ ಮೊದಲೇ ಅಟ್ಟದಿಂದ ಇಲಿ ಬಿತ್ತು. ಪ್ಲೇಗು ಎಂದು ಊರೆಲ್ಲ ಹೊಲಗಳಿಗೆ ಹೊರಟಿತು. ಅವರು ನನ್ನನ್ನೂ ಮಗಳನ್ನೂ ಗಾಡಿ ಹತ್ತಿಸಿ ತಾವರೆಕೆರೆಗೆ, ನನ್ನ ತವರಿಗೆ ಕಳಿಸಿದರು. ದನಗಳನ್ನು ನೋಡಿಕೊಂಡು ತಾವು ಹೊಲದ ಗುಡಿಸಲಲ್ಲಿ ಉಳಿದರು.

"ಊರು ಕೂಡಿದ್ಮೇಲೆ ಬಾ. ತವರಲ್ಲಿ ಉಪ್ಪಿನ ಮಡಕೆ ಮುಟ್ಟಬ್ಯಾಡ, ಅವ್ರೂ ಗಂಟು ಹಾಕಿರ್ತಾರೆ" ಎಂದರು. ನಾನು ನಕ್ಕೆ.

ಸುದ್ದಿ ಬರುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಮುಖ ನೋಡಲಿಲ್ಲ. ಅವರ ಬಟ್ಟೆ, ಕಂಬಳಿ ಎಲ್ಲ ಸುಟ್ಟಿದ್ದರು.

ಊರಿಗೆ ಜನ ತಿರುಗಿ ಬಂದಾಗ ನಾನೂ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ವಾಡೆಯ ಮೇಲೆ ಅವರ ಕೈ ಇರುತ್ತದೆ. ಅದನ್ನು ಒಡೆಯುವುದೇ ಇಲ್ಲ, ರಾಗಿ ಹುಳ ಹಿಡಿದರೂ ಸರಿ.

ಬೀಗದಕೈ ಕೊಟ್ಟವಳು ನನ್ನ ಓರಗಿತ್ತಿ ಕದರಮ್ಮ, ಅವರ ಅಣ್ಣನ ಹೆಂಡತಿ. ಪಕ್ಕದ ಮನೆ. ಒಳಗೆ ಹೋಗಿ ನೋಡಿದೆ. ಒಣಗಿದ ಸಗಣಿಯ ಮೇಲೆ ಅಂಗೈ ಇತ್ತು. ಐದು ಬೆರಳೂ ಪೂರ್ತಿ ಇದ್ದವು.

ಅಲ್ಲೇ ಕೂತುಬಿಟ್ಟೆ. ರಾಗಿ ಹೋದರೆ ಹೋಗಲಿ. ಅವರ ಕೈಯನ್ನು ಒಡೆದವರು ಯಾರು?

ನೀರು ತರುವ ನೆಪದಲ್ಲಿ ಕದರಮ್ಮನ ಮನೆಯ ಹಿಂದೆ ಹೋದೆ. ಅವಳು ತಟ್ಟಿದ ಬೆರಣಿ ಗೋಡೆಯ ತುಂಬ ಇತ್ತು. ಪ್ರತಿಯೊಂದರ ಮೇಲೂ ಅವಳ ಅಂಗೈ. ಗೇಣು ಹಾಕಿ ನೋಡಿದೆ. ಅವಳದು ಪುಟ್ಟ ಕೈ. ವಾಡೆಯ ಮೇಲಿನದು ದೊಡ್ಡದು. ಹಾಗಾದರೆ ಗಂಡನನ್ನು ಕಳಿಸಿದ್ದಾಳೆ ಎಂದುಕೊಂಡೆ.

"ಏನಮ್ಮ, ನನ್ ಬೆರಣಿಗೆ ಮುಹೂರ್ತ ನೋಡ್ತಿದ್ದೀಯಾ?" ಕದರಮ್ಮ ಹಿಂದೆ ನಿಂತಿದ್ದಳು.

"ವಾಡೆ ತೆಗೆದೋರು ಯಾರಕ್ಕ?"

"ನಿನ್ ರಾಗಿ ನಾನು ತಿಂದಿದ್ರೆ ನನ್ ಹೊಟ್ಟೆ ಒಡ್ದೋಗ್ಲಿ. ಗಂಡ ಹೋದ್ರೂ ಅವನ ಬುದ್ಧಿ ನಿನ್ನ ಬುಟ್ಟೋಗ್ಲಿಲ್ಲ ನೋಡು!"

"ಬೀಗದಕೈ ನಿಮ್ಮತ್ರ ತಾನೇ ಇದ್ದಿದ್ದು?"

ಅವಳ ಗಂಡ, ನನ್ನ ಭಾವ ದೊಡ್ಡರಂಗಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ನಾನು ಅವರ ಎದುರು ಮಾತಾಡಿದವಳಲ್ಲ. ಗೋಡೆ ಮರೆಗೆ ಸರಿದೆ. ಅವರು ತಲೆ ಎತ್ತದೆ ಹೇಳಿದರು.

"ನಾನೇ ಕಣಮ್ಮ ಒತ್ತಿದ್ದು. ನಿನ್ ಗಂಡ ಮುದ್ದಣ್ಣಂಗೆ ಜ್ವರ ಏರಿತ್ತು. ಅಂಬಲಿ ಬೇಕು, ನಮ್ ವಾಡೆ ರಾಗೀದೇ ಬೇಕು ಅಂದ. ಬೀಗದಕೈ ಬಿಚ್ಚಿ ಕೊಟ್ಟ."

ಭಾವ ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿದರು.

"ಸಗಣಿ ಮೆತ್ತಿ ಕೈ ಒತ್ತಿ ಬಾ ಅಂದ. ನಡುಬೆರಳು ಮಡಚ್ಕೊಂಡು ಒತ್ತು, ಇಲ್ದಿದ್ರೆ ಅವ್ಳು ಬಂದು ಊರೋರ್ನೆಲ್ಲ ಕಳ್ರು ಮಾಡ್ಬುಡ್ತಾಳೆ ಅಂದ."

"ಮತ್ತೆ?" ಎಂದೆ. ಭಾವನಿಗೆ ನಾನಾಡಿದ ಮೊದಲ ಮಾತು ಅದು.

"ಬದುಕಿರೋನ ಕೈ ನಾನ್ಯಾಕ್ಲಾ ಒತ್ಲಿ, ನೀನೇ ಎದ್ದು ಬಂದು ಒತ್ತು ಅಂದೆ. ನನ್ ಕೈನೇ ಒತ್ಬುಟ್ಟೆ. ಅಂಬಲಿ ಎರಡು ಗುಟುಕು ಕುಡ್ದ. ನಿಂಗೆ ಹೇಳಾಕೆ ನಂಗೆ ಬಾಯಿ ಬರ್ಲಿಲ್ಲ ಕಣಮ್ಮ."

ಹಗ್ಗ ಬಿಟ್ಟು ಎದ್ದು ಹೋದರು.

ಕದರಮ್ಮನನ್ನು ನಾನು ಈಗಲೂ ಪೂರ್ತಿ ನಂಬುವುದಿಲ್ಲ. ಮಜ್ಜಿಗೆ ಕೊಟ್ಟರೆ ಚೆಂಬು ವಾಪಸು ಬಂತೇ ಎಂದು ನೋಡುತ್ತೇನೆ. ಅವಳೂ ನನ್ನನ್ನು ಹಾಗೆಯೇ ನೋಡುತ್ತಾಳೆ. ಆದರೆ ಆ ದಿನ ಸಗಣಿ ಒಡೆದು ತೆಗೆದ ರಾಗಿಯಲ್ಲಿ ಮೊದಲ ಮೊರ ಭಾವನ ಮನೆಗೆ ಕೊಟ್ಟೆ. ಕದರಮ್ಮ ಸೆರಗೊಡ್ಡಿ ತೆಗೆದುಕೊಂಡಳು.

ಈಗಲೂ ದಿನಾ ಬೆಳಿಗ್ಗೆ ರಾಗಿ ತೆಗೆದು ಬೀಸುತ್ತೇನೆ. ನೆಲ ಸಾರಿಸಿ, ಉಳಿದ ಸಗಣಿಯನ್ನು ವಾಡೆಯ ಕಲ್ಲಿಗೆ ಮೆತ್ತುತ್ತೇನೆ. ನಡುಬೆರಳು ಮಡಚಿಕೊಂಡು ಬಲಗೈ ಒತ್ತುತ್ತೇನೆ.