ವ್ಯತ್ಯಾಸ ಹುಡುಕುವ ಮಹಾಬಲೇಶ್ವರ

ಮಹಾಬಲೇಶ್ವರನ ಕಸುಬು ವ್ಯತ್ಯಾಸ ಹುಡುಕುವುದು. ಸ್ಟಾಕ್‌ಹೋಮಿನ ಒಂದು ಕಂಪನಿಯಲ್ಲಿ ಅವನು ಸಾಫ್ಟ್‌ವೇರ್ ಟೆಸ್ಟರ್. ಹಳೆಯ ಪ್ರೋಗ್ರಾಮನ್ನೂ ಹೊಸದನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಎಲ್ಲಿ ಏನು ಬದಲಾಗಿದೆ, ಬದಲಾದದ್ದರಿಂದ ಎಲ್ಲಿ ಏನು ಕೆಟ್ಟಿದೆ ಎಂದು ಸಾಲು ಸಾಲಾಗಿ ನೋಡಿ ಹೇಳುವುದಕ್ಕೆ ಅವನಿಗೆ ಸಂಬಳ. ಒಂದು ಚುಕ್ಕೆ ಆಚೀಚೆಯಾದರೂ ಅವನ ಕಣ್ಣಿಗೆ ಬೀಳುತ್ತದೆ. ಇಂಥವನು ಎರಡು ಪಕ್ಷಗಳ ನಡುವೆ ಇಲ್ಲದ ವ್ಯತ್ಯಾಸವನ್ನು ಇದೆ ಎಂದು ನಂಬಿದ. ತಾನು ನಂಬಿದ್ದು ಸಾಲದೆಂದು ನಲವತ್ತೆರಡು ಮನೆಗಳ ಬಾಗಿಲು ತಟ್ಟಿ ನಂಬಿಸಿಯೂ ಬಂದ.

ಊರು ಕುಮಟಾ. ಸ್ವೀಡನ್ನಿಗೆ ಬಂದು ಹನ್ನೊಂದು ವರ್ಷ. ಈಗ ವಯಸ್ಸು ನಲವತ್ತೆಂಟು. ಬೆಂಗಳೂರಿನವರ ನಡುವೆ ಇದ್ದೂ ಇದ್ದೂ ಕರಾವಳಿಯ ಮಾತಿನ ಎಳೆತ ಸವೆದುಹೋಗಿದೆ. ಅಚ್ಚಾದ ಕಾಗದದ ಮೇಲೆ ಮಾತ್ರ ಅವನಿಗೆ ವಿಪರೀತ ಭಕ್ತಿ. ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಲ್ಲಿ ಅಂಟಿಸಿದ ನೋಟಿಸನ್ನೂ ತುದಿಯಿಂದ ತುದಿಯವರೆಗೆ ಓದುವ ಮನುಷ್ಯ ಅವರ ವಸತಿಯ ಐದು ಕಟ್ಟಡಗಳಲ್ಲಿ ಅವನೊಬ್ಬನೇ.

ಹೆಂಡತಿ ರಾಜಲಕ್ಷ್ಮಿ ಮೈಸೂರಿನವಳು. ಬಂದ ಹೊಸತರಲ್ಲಿ ಎರಡು ವರ್ಷ ಮನೆಯಲ್ಲೇ ಕೂತಳು. ಆಮೇಲೆ ಹಟ ಹಿಡಿದು ಸ್ವೀಡಿಷ್ ಕಲಿತು, ಮಕ್ಕಳನ್ನು ನೋಡಿಕೊಳ್ಳುವ ತರಬೇತಿ ಮುಗಿಸಿ, ಮನೆಯೆದುರಿನ ದಾಗಿಸ್ ಸೇರಿದಳು. ಅಪ್ಪ ಅಮ್ಮ ಕೆಲಸಕ್ಕೆ ಹೋಗುವಾಗ ಪುಟ್ಟ ಮಕ್ಕಳನ್ನು ಬಿಟ್ಟುಹೋಗುವ ಶಾಲೆ ಅದು. ನಡೆಸುವುದು ಕೊಮ್ಯೂನ್, ಅಂದರೆ ಅಲ್ಲಿನ ನಗರಸಭೆ. ಅಡುಗೆಮನೆಯ ಕಿಟಕಿಯಿಂದ ಅದರ ಅಂಗಳ ಕಾಣುತ್ತಿತ್ತು. ಚಳಿಯಲ್ಲೂ ಮಕ್ಕಳನ್ನು ಹೊರಗೆ ತಳ್ಳುಗಾಡಿಯಲ್ಲೇ ಮಲಗಿಸುವುದು ಆ ದೇಶದ ಪದ್ಧತಿ. ಬೆಂಗಳೂರಿನಿಂದ ಆಗಷ್ಟೇ ಬಂದಿಳಿದ, ಒಂದಕ್ಷರ ಸ್ವೀಡಿಷ್ ಬಾರದ ಎರಡು ವರ್ಷದ ಮಗು ಆ ಗಾಡಿಯಲ್ಲಿ ರಚ್ಚೆ ಹಿಡಿದರೆ ರಾಜಲಕ್ಷ್ಮಿ ಬಗ್ಗಿ ಕನ್ನಡದಲ್ಲಿ ಏನೋ ಹೇಳುತ್ತಿದ್ದಳು. ಮಗು ಸುಮ್ಮನಾಗುತ್ತಿತ್ತು. ಕಿಟಕಿಯಿಂದ ಅದನ್ನು ನೋಡಿದ ದಿನವೆಲ್ಲ ಮಹಾಬಲೇಶ್ವರ ಗೆಲುವಾಗಿರುತ್ತಿದ್ದ.

ನಾಲ್ಕು ವರ್ಷದ ಹಿಂದೆ ಅವರಿಬ್ಬರ ಹೆಸರಿಗೂ ಮೊದಲ ಸಲ ಮತದಾರರ ಕಾರ್ಡು ಅಂಚೆಯಲ್ಲಿ ಬಂತು. ಪೌರತ್ವ ಇಲ್ಲದಿದ್ದರೂ ಮೂರು ವರ್ಷ ನೆಲೆಸಿದವರಿಗೆ ಕೊಮ್ಯೂನ್ ಚುನಾವಣೆಯಲ್ಲಿ ಓಟು ಉಂಟು. ಮಹಾಬಲೇಶ್ವರ ಆ ಕಾರ್ಡನ್ನು ದೇವರ ಪಟದ ಮುಂದೆ ಇಟ್ಟ. ಮಾರನೆಯ ಶನಿವಾರ ಚೌಕಕ್ಕೆ ಹೋದ. ಚುನಾವಣೆ ಬಂತೆಂದರೆ ಅಲ್ಲಿ ಪ್ರತಿ ಪಕ್ಷವೂ ತನ್ನ ಬಣ್ಣ ಬಳಿದ ಒಂದು ಪುಟ್ಟ ಮರದ ಗೂಡು ನಿಲ್ಲಿಸಿ, ಬಂದವರಿಗೆ ಕಾಫಿಯನ್ನೂ ಏಲಕ್ಕಿ ಬನ್ನನ್ನೂ ಕೊಟ್ಟು ಮಾತಿಗೆ ಕೂರಿಸುತ್ತದೆ. ಪಕ್ಷಗಳ ಹೆಸರು ಇಲ್ಲಿ ಬೇಡ, ಹೇಳಿದರೂ ವ್ಯತ್ಯಾಸವಾಗದು. ಕೆಂಪು ಗೂಡು, ನೀಲಿ ಗೂಡು ಎಂದುಕೊಂಡರೆ ಸಾಕು.

ಸಣ್ಣ ದಾಗಿಸ್‌ಗಳನ್ನೆಲ್ಲ ಮುಚ್ಚಿ ಒಂದು ದೊಡ್ಡದನ್ನು ಕಟ್ಟುತ್ತೇವೆ ಎಂದು ನೀಲಿಯವರು ಆಗ ಹೇಳುತ್ತಿದ್ದರು. ಕೆಂಪು ಗೂಡಿನಲ್ಲಿದ್ದವಳು ಗುನಿಲ್ಲಾ, ಅರವತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿ, ನಗರಸಭೆಯ ಸದಸ್ಯೆ. ತಾನೇ ಕಾಫಿ ಬಗ್ಗಿಸಿ ಕೊಟ್ಟಳು. ನಾವಿರುವ ತನಕ ನಿಮ್ಮ ದಾಗಿಸ್ ಮುಚ್ಚುವುದಿಲ್ಲ ಎಂದಳು. ಮುಂದಿನ ವಾರ ಕರೆದ ಕೂಡಲೇ ಮನೆಗೂ ಬಂದಳು, ಹಿಂದೆ ಮುಂದೆ ಯಾರೂ ಇಲ್ಲದೆ, ಒಬ್ಬಳೇ, ಸೈಕಲ್ ತುಳಿದುಕೊಂಡು. ಅತ್ತೆಯಿಂದ ಕಲಿತ ತೆಳ್ಳೇವು ಎಂಬ ತೆಳು ದೋಸೆಯನ್ನು ರಾಜಲಕ್ಷ್ಮಿ ಕಾವಲಿಯಿಂದ ಒಂದೊಂದಾಗಿ ಎಬ್ಬಿಸಿ ಹಾಕಿದಳು. ಗುನಿಲ್ಲಾ ಬೆಲ್ಲ ತುಪ್ಪದ ಜೊತೆ ಏಳು ತಿಂದು, ಹಿಟ್ಟಿನ ಅಳತೆ ಬರೆದುಕೊಂಡು ಹೋದಳು.

ಮಹಾಬಲೇಶ್ವರ ಕೆಟ್ಟದ್ದು ಅಲ್ಲೇ. ಮನೆಗೆ ಬಂದು ಎಲೆಯ ಮುಂದೆ ಕೂತು ಉಂಡವರು ಆ ಮನೆಯವರಿಗೆ ಎರಡು ಬಗೆಯುವುದಿಲ್ಲ ಎಂಬುದು ಅವನು ಕುಮಟಾದಿಂದ ಹೊತ್ತು ತಂದ ಲೆಕ್ಕ. ಆ ದೇಶದಲ್ಲಿ ಎದುರಾಳಿಯ ಜೊತೆಗೂ ಅಷ್ಟೇ ಅಕ್ಕರೆಯಿಂದ ಕೂತು ಕಾಫಿ ಕುಡಿಯುತ್ತಾರೆ, ಅದಕ್ಕೂ ಕೊಟ್ಟ ಮಾತಿಗೂ ಯಾವ ಸಂಬಂಧವೂ ಇಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ.

ಗುನಿಲ್ಲಾ ಕೇಳಿದಳೆಂದು ಕೆಂಪು ಪಕ್ಷದ ಕರಪತ್ರವನ್ನು ಕನ್ನಡಕ್ಕೆ ಮಾಡಿಕೊಟ್ಟ. ಸ್ವೀಡಿಷಿನಲ್ಲಿ ಇಲ್ಲದ ಒಂದು ವಾಕ್ಯವನ್ನು ತಾನೇ ಸೇರಿಸಿದ: ‘ಅಳುವ ಮಗುವಿಗೆ ಅದರದೇ ಮಾತಿನಲ್ಲಿ ಸಮಾಧಾನ ಹೇಳುವ ಒಬ್ಬರು ದಾಗಿಸ್‌ನಲ್ಲಿ ಇರಲೇಬೇಕು.’ ಅದು ರಾಜಲಕ್ಷ್ಮಿಯ ಮೇಲೆ ಬರೆದ ವಾಕ್ಯ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಹೆಂಡತಿಯನ್ನು ಬಾಯಿಬಿಟ್ಟು ಹೊಗಳದವನು ಅಚ್ಚಿನಲ್ಲಿ ಹೊಗಳಿದ್ದ.

ಅವಳು ಓದಿದಳು. ಕಾಗದ ಮಡಚುತ್ತಾ, “ನಿಜವಾಗ್ಲೂ ಉಳಿಸ್ತಾರೇನ್ರೀ?” ಎಂದಳು.

“ನಾನು ಹೇಳ್ತಿದೀನಲ್ಲ ರಾಜಿ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?”

ಕರಪತ್ರ ಹಿಡಿದು ಐದೂ ಕಟ್ಟಡಗಳ ಮೆಟ್ಟಿಲು ಹತ್ತಿದ. ನಲವತ್ತೆರಡು ಕನ್ನಡದ ಮನೆ. ಎಲ್ಲರಿಗೂ ಅದೇ ಮಾತು: “ನನ್ನನ್ನ ನಂಬಿ. ಇವರು ಬೇರೆ.”

ಫಲಿತಾಂಶ ಬಂತು. ಯಾರಿಗೂ ಬಹುಮತ ಇಲ್ಲ. ಮೂರು ವಾರ ಮಾತುಕತೆ ನಡೆದು ಕೆಂಪೂ ನೀಲಿಯೂ ಕೂಡಿ ಆಡಳಿತ ಹಿಡಿದವು. ಚೌಕದಲ್ಲಿ ಎದುರುಬದುರು ಗೂಡು ಹೂಡಿ ತಿಂಗಳುಗಟ್ಟಲೆ ಮುಖ ಗಂಟಿಕ್ಕಿಕೊಂಡಿದ್ದವರು ಪತ್ರಿಕೆಯ ಫೋಟೋದಲ್ಲಿ ಒಂದೇ ಹೂಗುಚ್ಛ ಹಿಡಿದು ನಗುತ್ತಿದ್ದರು. ಮಹಾಬಲೇಶ್ವರ ಆಗಲೂ, “ಗುನಿಲ್ಲಾ ಒಳಗಿದಾಳಲ್ಲ, ಬಿಡು” ಎಂದ.

ಎರಡನೆಯ ಚಳಿಗಾಲ ಮುಗಿಯುವ ಹೊತ್ತಿಗೆ ದಾಗಿಸ್ ಮುಚ್ಚುವ ಪ್ರಸ್ತಾಪ ಸಭೆಗೆ ಬಂತು. ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಇವನು ರಜೆ ಹಾಕಿ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ನೀಲಿಯವರು ಕೈ ಎತ್ತಿದರು. ಕೆಂಪಿನವರೂ ಎತ್ತಿದರು. ಗುನಿಲ್ಲಾಳ ಕೈ ಎಲ್ಲಕ್ಕಿಂತ ಮೊದಲು ಮೇಲಕ್ಕೆ ಹೋದಂತೆ ಅವನಿಗೆ ಕಂಡಿತು. ಸಭೆ ಮುಗಿದ ಮೇಲೆ ಅವಳೇ ಹುಡುಕಿಕೊಂಡು ಬಂದು ತೋಳು ಮುಟ್ಟಿ, “ಮಹಾ, ಜವಾಬ್ದಾರಿ ಹೊರುವುದೆಂದರೆ ಇದೇ. ನಾವಿಲ್ಲದಿದ್ದರೆ ಇನ್ನೂ ಬೇಗ ಮುಚ್ಚುತ್ತಿದ್ದರು” ಎಂದು ಸ್ವೀಡಿಷಿನಲ್ಲಿ ಸಮಾಧಾನ ಹೇಳಿದಳು. ಅವಳ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಆ ಬೇಸಿಗೆಗೆ ಬಾಗಿಲು ಬಿತ್ತು. ಚಳಿಗಾಲ ಬಂದಾಗ ಮೂರನೆಯ ಮಹಡಿಯ ಪಾವನಾ ಎರಡು ಮಕ್ಕಳನ್ನು ಎಳೆದುಕೊಂಡು ಹಿಮದಲ್ಲಿ ಬಸ್ಸಿಗೆ ನಿಲ್ಲುವಂತಾಯಿತು. ಒಂದು ದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕವಳು, ಮೆಷಿನ್ನಿಗೆ ಬಟ್ಟೆ ತುಂಬುತ್ತಲೇ, “ನೀವು ಹೇಳಿದ್ರಿ ಅಂತ ಓಟು ಹಾಕಿದ್ವಿ ಸರ್” ಎಂದಳು, ಅಷ್ಟೇ. ಅವನು ಒದ್ದೆ ಬಟ್ಟೆಯನ್ನು ಹಾಗೇ ಎತ್ತಿಕೊಂಡು ಮೇಲೆ ಬಂದ. ಅಂದಿನಿಂದ ಒಗೆಯುವ ಸರದಿಯನ್ನು ಯಾರೂ ಇಲ್ಲದ ಹೊತ್ತಿಗೇ ಬುಕ್ ಮಾಡುತ್ತಾನೆ.

ರಾಜಲಕ್ಷ್ಮಿಯನ್ನು ಕೊಮ್ಯೂನಿನ ಇನ್ನೊಂದು ತುದಿಯ ದಾಗಿಸ್‌ಗೆ ಹಾಕಿದರು. ಒಂದು ರೈಲು, ಒಂದು ಬಸ್ಸು. ಐದೂವರೆಗೆ ಮನೆ ಬಿಡುತ್ತಾಳೆ. ಅಲ್ಲಿ ಕನ್ನಡದ ಮಗು ಒಂದೂ ಇಲ್ಲ. ಅವಳು ಒಂದು ದಿನವೂ ಅವನನ್ನು ದೂರಲಿಲ್ಲ. ಅಡುಗೆಮನೆಯ ಕಿಟಕಿಗೆ ಮಾತ್ರ ಪರದೆ ಹೊಲಿದು ಹಾಕಿದಳು.

ಮತ್ತೆ ಚುನಾವಣೆ ಬಂತು. ಆಗಸ್ಟಿನ ಒಂದು ಸಂಜೆ ಅಂಚೆಪೆಟ್ಟಿಗೆಯಲ್ಲಿ ಕನ್ನಡದ ಕರಪತ್ರ ಸಿಕ್ಕಿತು. ನೀಲಿ ಪಕ್ಷದ್ದು. ಮೆಟ್ಟಿಲು ಹತ್ತುತ್ತಲೇ ಓದುತ್ತಾ ಬಂದವನು ನಡುವಿನಲ್ಲಿ ನಿಂತುಬಿಟ್ಟ. ‘ಅಳುವ ಮಗುವಿಗೆ ಅದರದೇ ಮಾತಿನಲ್ಲಿ ಸಮಾಧಾನ ಹೇಳುವ ಒಬ್ಬರು...’

ಒಳಗೆ ಹೋಗಿ ಕಂಪ್ಯೂಟರಿನಲ್ಲಿ ತನ್ನ ಹಳೆಯ ಕರಪತ್ರದ ಕಡತ ತೆಗೆದ. ನೀಲಿಯದನ್ನು ಕೂತು ಪೂರ್ತಿ ಟೈಪು ಮಾಡಿದ. ಎರಡನ್ನೂ ಅಕ್ಕಪಕ್ಕ ಇಟ್ಟು ಆಫೀಸಿನಲ್ಲಿ ಮಾಡುವಂತೆ ಹೋಲಿಸಿದ. ಬೇರೆಯಾದ ಕಡೆ ಹಳದಿ ಬೀಳಬೇಕು. ಪಕ್ಷದ ಹೆಸರಿಗೆ ಹಳದಿ ಬಿತ್ತು. ಇಸವಿಗೆ ಬಿತ್ತು. ಮಿಕ್ಕದ್ದೆಲ್ಲ ಬೆಳ್ಳಗೆ ಉಳಿಯಿತು.

ಕರಪತ್ರದ ಕೆಳಗಡೆ ವಿಳಾಸವಿತ್ತು: ಸಮಿತ್, ನಾಲ್ಕನೆಯ ಕಟ್ಟಡ. ಹೋದ ವರ್ಷ ಬಂದು ಸೇರಿದ ಸಂಸಾರಸ್ಥ. ಬಾಗಿಲು ತೆರೆದವನು ಖುಷಿಯಿಂದಲೇ ಒಪ್ಪಿಕೊಂಡ.

“ಓ, ಅದು ನಿಮ್ಮದಾ ಸರ್? ಲಾಂಡ್ರಿ ರೂಮಲ್ಲಿ ಹಳೇ ಪೇಪರ್ ಜೊತೆ ಸಿಕ್ತು. ಕನ್ನಡ ಸೂಪರಾಗಿತ್ತು. ಮ್ಯಾಟರ್ ಹೆಂಗೂ ಒಂದೇ ಅಲ್ವಾ, ಅದಕ್ಕೇ ಹೆಸರೊಂದು ಚೇಂಜ್ ಮಾಡ್ದೆ. ಪಾರ್ಟಿಯೋರೂ ಓಕೆ ಅಂದ್ರು.”

“ಆ ದಾಗಿಸ್ ಮುಚ್ಚಿದ್ದು ಯಾರು ಗೊತ್ತೇನಪ್ಪಾ ನಿಂಗೆ?”

“ಇಲ್ಲೊಂದು ದಾಗಿಸ್ ಇತ್ತಾ ಸರ್?”

ಮಹಾಬಲೇಶ್ವರ ಮೆಟ್ಟಿಲಿಳಿದು ಬಂದ. ಎರಡು ದಿನ ಬಿಟ್ಟು ಗುನಿಲ್ಲಾಳ ಫೋನು ಬಂತು. ಹೋದ ಸಲದ ಕನ್ನಡ ಕರಪತ್ರವನ್ನೇ ಇಸವಿ ಬದಲಾಯಿಸಿ ಅಚ್ಚು ಹಾಕಿಸಲೇ ಎಂದು ಕೇಳಿದಳು. ನೀಲಿಯವರು ಆಗಲೇ ಹಾಕಿಸಿದ್ದಾರೆ ಎಂದು ಇವನು ಹೇಳಿದ. ಆ ಕಡೆಯಿಂದ ನಗು ಕೇಳಿಸಿತು. “ಹಾಗಾದರೆ ಈ ವಿಷಯದಲ್ಲಿ ನಾವೆಲ್ಲ ಒಂದೇ ಎಂದಾಯಿತಲ್ಲ, ಒಳ್ಳೆಯದೇ!” ಅವನು ಫೋನಿಟ್ಟ. ಮರ್ಯಾದೆ ಬಿಟ್ಟು ಬೈಯಬೇಕೆನಿಸಿತು. ಬೈಯುವುದಕ್ಕೆ ಬೇಕಾದಷ್ಟು ಸ್ವೀಡಿಷ್ ಅವನು ಕಲಿತಿರಲಿಲ್ಲ.

ಮತದಾನದ ಭಾನುವಾರ ಬೆಳಿಗ್ಗೆ ಕಾರ್ಡಿನಲ್ಲಿದ್ದ ಮತಗಟ್ಟೆಯ ವಿಳಾಸ ನೋಡಿದರು. ಎದುರಿನ ದಾಗಿಸ್ ಕಟ್ಟಡವೇ. ಖಾಲಿ ಬಿದ್ದಿದ್ದಕ್ಕೆ ಅನುಕೂಲವಾಗಿತ್ತು.

ಒಳಗೆ ಮಕ್ಕಳ ಕೋಟು ನೇತುಹಾಕುವ ಗೂಟಗಳು ಮೊಣಕಾಲೆತ್ತರದಲ್ಲಿ ಹಾಗೇ ಇದ್ದವು. ಓದಲು ಬಾರದ ಮಕ್ಕಳಿಗೆ ಗುರುತಿಗೆಂದು ರಾಜಲಕ್ಷ್ಮಿ ಬರೆದು ಅಂಟಿಸಿದ ಮೊಲ, ಮೀನು, ಆಮೆಯ ಚಿತ್ರಗಳೂ ಇದ್ದವು. ಅರ್ಧ ಕಿತ್ತುಬಂದಿದ್ದ ಆಮೆಯ ಚಿತ್ರವನ್ನು ಅವಳು ಬಗ್ಗಿ ಹೆಬ್ಬೆರಳಿನಿಂದ ಒತ್ತಿದಳು. ಅದು ಮತ್ತೆ ಎದ್ದುಕೊಂಡಿತು.

ಸಾಲು ಮುಂದೆ ಸರಿಯಿತು. ಅಲ್ಲಿ ಪ್ರತಿ ಪಕ್ಷಕ್ಕೂ ಬೇರೆ ಮತಚೀಟಿ. ಬೇಕಾದ್ದನ್ನು ಎತ್ತಿಕೊಂಡು ಲಕೋಟೆಗೆ ಹಾಕಬೇಕು. ಮರೆಯ ಹಿಂದೆ ಚೀಟಿಗಳ ಕಪಾಟು. ಕೊಮ್ಯೂನಿನ ಚೀಟಿಗಳೆಲ್ಲ ಬಿಳಿ, ಕೆಂಪಿನವರದೂ ನೀಲಿಯವರದೂ. ರಾಜಲಕ್ಷ್ಮಿ ಕಪಾಟಿನ ಮುಂದೆ ಕೈಕಟ್ಟಿ ನಿಂತಳು.

“ನಾನು ಯಾವುದು ತಗೊಳ್ಲಿ, ಹೇಳಿ” ಎಂದಳು ಮೆಲ್ಲಗೆ.

“ಈ ಸಲ ನನ್ನ ಕೇಳ್ಬೇಡ ರಾಜಿ. ಯಾರಿಗೆ ಬೇಕಾದ್ರೂ ಹಾಕು. ಎಲ್ಲಾ ಮೋಸಗಾರರು. ಆ ಪಕ್ಷ ಹಂಗೆ ಮಾಡುತ್ತೆ ಅಂತ ನಂಗೇನು ಗೊತ್ತಿತ್ತು?”

ಅವಳು ಅವನ ಕಡೆ ತಿರುಗಿದಳು. ಎರಡು ವರ್ಷ ತಡೆದಿಟ್ಟುಕೊಂಡದ್ದು ಅವಳ ಮುಖದಲ್ಲಿ ಕಂಡಿತು.

“ಪಕ್ಷದ ಮಾತು ಯಾಕ್ರೀ ನನ್ನ ಹತ್ರ? ನಾನು ಹೋದ್ಸಲ ಪಕ್ಷಕ್ಕೆ ಓಟು ಹಾಕ್ಲಿಲ್ಲ. ನಿಮಗೆ ಹಾಕಿದ್ದೆ.”

ಅವಳು ಯಾವ ಚೀಟಿಯನ್ನೂ ತೆಗೆದುಕೊಳ್ಳದೆ ಹೊರಗೆ ನಡೆದಳು. ಮಹಾಬಲೇಶ್ವರ ಒಂದು ಕೈಯಲ್ಲಿ ಕೆಂಪಿನವರ ಚೀಟಿ, ಇನ್ನೊಂದರಲ್ಲಿ ನೀಲಿಯವರದು ಹಿಡಿದು, ಹಿಂದೆ ನಿಂತವರು ಕೆಮ್ಮುವ ತನಕ ಅಲ್ಲೇ ನಿಂತಿದ್ದ.