ಎರಡು ಸುತ್ತು ಸಡಿಲ

ಹಳೆಯ ಕಾರಿನ ಏಸಿ ಸತ್ತುಹೋಗಿದ್ದರೆ ಅದಕ್ಕೆ ಜೀವ ಬರಿಸುವವನು ನನ್ನ ಭಾವ ಅನ್ಸೆಲ್ಮೊ ಒಬ್ಬನೇ ಎಂದು ಮರುಭೂಮಿಯ ನಡುವಿನ ನಮ್ಮ ಟೂಸಾನ್ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮೂವತ್ತು ವರ್ಷ ಧೂಳು ತಿಂದ ಕಂಪ್ರೆಸರನ್ನು ಬಿಚ್ಚಿ, ತೊಳೆದು, ಸೀಲು ಬದಲಿಸಿ, ಗ್ಯಾಸ್ ತುಂಬಿ, ಕೊನೆಗೆ "ಸ್ವೆಟರ್ ತಂದಿದೀಯಾ?" ಎಂದು ಗಿರಾಕಿಯ ಮುಖ ನೋಡಿ ನಗುತ್ತಿದ್ದ. ಅಂಥವನ ಸ್ವಂತ ಕಾರು, ಅರವತ್ತೈದನೇ ಇಸವಿಯ ಹಸಿರು ಸೆಡಾನ್, ಮನೆಯ ಹಿಂದಿನ ಶೆಡ್ಡಿನಲ್ಲಿ ಮೂರು ಬೇಸಿಗೆ ಹಾಗೇ ಬೇಯುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ!

ಅವನ ಹೆಂಡತಿ ಎರ್ಮೀನಿಯಾ ನನ್ನ ಅಕ್ಕ. ಅವಳಿಗೆ ನರದ ಕಾಯಿಲೆ. ಸೆಕೆ ತಾಗಿತೋ, ಕಾಲು ಸತ್ತಂತೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕೂಲರ್ ಇರುವ ಒಂದೇ ಕೋಣೆಯಲ್ಲಿ ಅವಳ ಬದುಕು. ನಮ್ಮ ದೊಡ್ಡಕ್ಕ ಒತೀಲಿಯಾ ಫ್ಲ್ಯಾಗ್‌ಸ್ಟಾಫ್‌ನಲ್ಲಿ, ಬೆಟ್ಟದ ಮೇಲೆ, ಪೈನ್ ಮರಗಳ ತಂಪಿನಲ್ಲಿದ್ದಾಳೆ. "ಬೇಸಿಗೆಗೆ ಇಲ್ಲಿ ಬಾರೇ" ಎಂದು ವಾರವಾರವೂ ಫೋನು. ಚಳಿಗಾಲದಲ್ಲಿ ಕಾಲಿಗೆ ಮತ್ತೆ ಶಕ್ತಿ ಬರುತ್ತಿತ್ತು, ಹೋಗುವ ಮಾತು ಮರೆತುಹೋಗುತ್ತಿತ್ತು.

"ಬಾಡಿಗೆ ಕಾರು ತರ್ತೀನಕ್ಕ, ನಾಳೆನೇ ಹೋಗೋಣ" ಎಂದೆ ಒಮ್ಮೆ.

"ಊರೆಲ್ಲಾ ತಣ್ಣಗೆ ಮಾಡೋನು ನನ್ನ ಗಂಡ. ಅವನೇ ಕರ್ಕೊಂಡು ಹೋಗ್ಬೇಕು" ಎಂದಳು. ಹಟಮಾರಿ!

ಅವನೂ ಕಾರಿನ ಏಸಿ ರಿಪೇರಿ ಮಾಡುತ್ತಲೇ ಇದ್ದ. ಗ್ಯಾಸ್ ತುಂಬಿದರೆ ಕಾರು ಎರಡು ದಿನ ಹಿಮದಂತೆ, ಮೂರನೇ ದಿನ ಬಿಸಿಗಾಳಿ. "ಎಲ್ಲೋ ಲೀಕು ಕಣೋ ಫೆರ್ಮೀನ್, ಸಿಗ್ತಿಲ್ಲ" ಎಂದು ತಲೆ ಕೆರೆದುಕೊಳ್ಳುತ್ತಿದ್ದ.

ಈ ಜೂನ್‌ನಲ್ಲಿ ನನಗೆ ರೇಗಿತು. ಭಾವನ ಕೈಯಲ್ಲೇ ಕೆಲಸ ಕಲಿತವನಲ್ಲವೇ, ಭಾನುವಾರ ನಾನೇ ಗ್ಯಾಸ್ ತುಂಬಿದೆ. ಬುಧವಾರ ಮತ್ತೆ ಬಿಸಿ. ಪೈಪಿಗೆಲ್ಲ ಸೋಪಿನ ನೀರು ಬಳಿದೆ. ಗ್ಯಾಸ್ ತುಂಬುವ ವಾಲ್ವಿನ ಮುಚ್ಚಳದಡಿ ಗುಳ್ಳೆ ಎದ್ದಿತು. ಮುಚ್ಚಳ ಬಿಚ್ಚಿ ನೋಡಿದರೆ, ಒಳಗಿನ ಕಡ್ಡಿ ಎರಡು ಸುತ್ತು ಸಡಿಲ. ಟೈರಿನ ವಾಲ್ವಿನಲ್ಲಿ ಇರುತ್ತದಲ್ಲ, ಅಂಥದ್ದೇ. ಭಾನುವಾರ ನನ್ನ ಕೈಯಾರೆ ಬಿಗಿದದ್ದು. ಅದನ್ನು ತಿರುಗಿಸಲು ಪುಟ್ಟ ಕೀಲಿ ಬೇಕು. ಒಂದು ನನ್ನ ಹತ್ತಿರವಿದೆ, ಇನ್ನೊಂದು ಭಾವನ ಅಂಗಿಯ ಜೇಬಿನಲ್ಲಿ.

ಅವನು ಬಂದ. ಸೋಪಿನ ಡಬ್ಬ ನೋಡಿದ. ಮುಖ ಬಿಳುಚಿತು.

"ಥೂ, ನಿನ್ ಜನ್ಮಕ್ಕೆ! ಮೂರು ವರ್ಷ ಅವಳನ್ನ ಆ ಕೋಣೇಲಿ ಕೂಡಿ ಹಾಕಿದ್ಯಲ್ಲೋ!"

"ಅಲ್ಲಿಗೆ ಹೋದ್ರೆ ನಡೀತಾಳೆ ಕಣೋ" ಎಂದ. "ನಡೆಯೋಕೆ ಶುರು ಮಾಡಿದ್ರೆ ಈ ಬೆಂಕಿಗೆ ಯಾಕೆ ವಾಪಸ್ ಬರ್ತಾಳೆ? ನಾನು ಅಲ್ಲಿ ಹೋಗಿ ಏನು ಮಾಡ್ಲಿ? ಆ ಚಳೀಲಿ ನನ್ನ ಕೆಲಸ ಯಾರಿಗೆ ಬೇಕು?"

ನನ್ನ ಕೋಪ ಇಳಿಯಲಿಲ್ಲ. ನೇರ ಅಕ್ಕನ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ಅವಳು ಬೀನ್ಸ್ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಗೊತ್ತು."

"ಏನು ಗೊತ್ತು?"

"ಈ ಕಿಟಕಿಯಿಂದ ನಂಗೆ ಕಾಣೋದು ಆ ಶೆಡ್ಡು ಒಂದೇ. ಗ್ಯಾಸ್ ತುಂಬಿದ್ಮೇಲೆ ಅವನು ಮತ್ತೆ ಕದ್ದು ಬಾನೆಟ್ ಎತ್ತೋದನ್ನ ಎಷ್ಟು ಸಲ ನೋಡಿಲ್ಲ?"

"ಗೊತ್ತಿದ್ದೂ ಸುಮ್ನೆ ಇದ್ಯಾ!"

"ಅವನಾಗೇ ಬಿಗೀಲಿ ಅಂತ ಕಾದೆ" ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಕೂಗಿದಳು: "ಏ ಮುದುಕಾ! ನೋಡ್ತಿದೀನಿ. ಈಗ ಬಿಗಿ ಮಾಡು."

ಶೆಡ್ಡಿನಲ್ಲಿ ಅವನು ಬಾನೆಟ್ ಎತ್ತಿ ಬಾಗಿದ. ಆಮೇಲೆ ಜೇಬಿಗೆ ಕೈ ಹಾಕಿದ.

ಗ್ಯಾಸ್ ತುಂಬಿದೆವು. ಮೂರನೇ ದಿನವೂ ಕಾರು ತಣ್ಣಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಅಕ್ಕ ಏಸಿ ಗಾಳಿ ಬರುವ ಕಿಂಡಿಯ ಮುಂದೆ ಎರಡೂ ಕೈ ಹಿಡಿದು ಅತ್ತಳು, ನಕ್ಕಳು, ನನ್ನ ಕೆನ್ನೆಗೊಂದು ಏಟು ಕೊಟ್ಟಳು. ಭಾವ ಸ್ಟೀರಿಂಗ್ ಹಿಡಿದ, ಇಬ್ಬರೂ ಫ್ಲ್ಯಾಗ್‌ಸ್ಟಾಫ್‌ಗೆ ಹೊರಟೇಬಿಟ್ಟರು.

ಮಾರನೇ ದಿನ ಮಧ್ಯಾಹ್ನ ಅವನೊಬ್ಬನೇ ಬಂದ. ನೂರ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಕಾರಿನ ನಾಲ್ಕು ಗಾಜೂ ಇಳಿದಿದ್ದವು, ಅಂಗಿ ತೊಯ್ದು ಮೈಗಂಟಿತ್ತು.

"ಮತ್ತೆ ಕೆಟ್ಟೋಯ್ತಾ?"

"ಇಲ್ಲ. ಚೆನ್ನಾಗಿದೆ."

"ಮತ್ತೆ ಏಸಿ ಹಾಕ್ಕೊಳೋಕೇನು ರೋಗ?"

"ಒಬ್ಬನಿಗೆ ಯಾಕೋ?" ಎಂದ. "ಗೇಟಿನವರೆಗೂ ಅವಳೇ ನಡ್ಕೊಂಡು ಬಂದು ಕಳಿಸಿದ್ಲು. ಅಕ್ಟೋಬರ್‌ಗೆ ಬಾ, ನೋಡೋಣ ಅಂದ್ಲು."

ಜೇಬಿನಿಂದ ಪುಟ್ಟ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟ.

"ಅಲ್ಲೀತನಕ ಇದು ನಿನ್ನ ಹತ್ರ ಇರ್ಲಿ."