ಹೂಂ ಎಂಬ ಶನಿ

ಹಿಪ್ಪುನೇರಳೆ ಕುಯ್ಯುತ್ತಿದ್ದಾಗ ಕುಡುಗೋಲು ಜಾರಿತು. ಎತ್ತಿಕೊಳ್ಳಲು ಬಗ್ಗಿದೆ. ಬಲಗೈ ಬರಲಿಲ್ಲ. ಹೆಂಡತಿಯನ್ನು ಕೂಗಿದೆ, ಬಾಯಿಂದ ಬಂದದ್ದು ಬರೀ ಗೊರಗೊರ.

ರಾಮನಗರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಸ್ಟ್ರೋಕ್ ಅಂದರು. ಮೆದುಳಿನ ಎಡಭಾಗದಲ್ಲಿ ಕ್ಲಾಟ್. ಮನೆಗೆ ಬಂದಾಗ ಎಲ್ಲವೂ ಅರ್ಥವಾಗುತ್ತಿತ್ತು, ಆದರೆ ಆಡಲು ಉಳಿದದ್ದು ಒಂದೇ ಮಾತು.

ಹೂಂ.

ಊಟ ಬೇಕಾ ಅಂದರೂ ಹೂಂ, ಬೇಡವಾ ಅಂದರೂ ಹೂಂ. ಇದರ ಲಾಭ ಮೊದಲು ಕಂಡವನು ನನ್ನ ತಮ್ಮ ಶಿವಣ್ಣ. ಫ್ಯಾಕ್ಟರಿಗಳು ಸಾಲುಗಟ್ಟುತ್ತಿದ್ದ ಮೈಸೂರು ರಸ್ತೆ ಪಕ್ಕ ನಮ್ಮಿಬ್ಬರ ಜಂಟಿ ತೋಟವಿತ್ತು. ಮಾರಲು ನಾನು ಒಪ್ಪಿರಲಿಲ್ಲ. ಒಂದು ಬೆಳಗ್ಗೆ ಬ್ರೋಕರನ್ನು ಕರೆತಂದು ನನ್ನ ಮಂಚದ ಬಳಿ ಕೂರಿಸಿದ.

“ಅಣ್ಣ, ತೋಟ ಕೊಟ್ಬುಡಾನ?”

“ಹೂಂ.”

“ಕೇಳುಸ್ಕಂಡ್ರಲ್ಲ? ನಮ್ಮಣ್ಣ ಒಪ್ಕಂಡವ್ನೆ.”

ಅವನ ಗಂಟಲು ಹಿಡಿಯಬೇಕು ಅನ್ನಿಸಿತು. ಹಿಡಿಯಲು ಕೈ ಬೇಕಲ್ಲ.

ಮುಂದಿನ ಚೆಕಪ್‌ನಲ್ಲಿ ಡಾಕ್ಟರ್ ಹೇಳಿದರು: “ಸತ್ತ ನರಕೋಶ ವಾಪಸ್ ಬರಲ್ಲ. ಆದ್ರೆ ಸುತ್ತ ಉಳಿದಿರೋವು ಹೊಸ ಕವಲು ಚಾಚ್ತವೆ. ಅವಕ್ಕೆ ರಕ್ತ ತರೋಕೆ ಸಣ್ಣ ನಾಳಗಳೂ ಚಿಗುರ್ತವೆ. ದಿನಾ ಕೆಲ್ಸ ಕೊಡಿ.” ಹೆಂಡತಿ ರತ್ನ ದೇವರಿಗೆ ಕೈಮುಗಿದಳು. ನಾನು ತಮ್ಮನನ್ನು ನೆನೆದೆ.

ಐದು ತಿಂಗಳು ಒಂದೇ ಮಾತನ್ನು ನಾಲಿಗೆಯಲ್ಲಿ ತಿದ್ದಿದೆ: ಇಲ್ಲ. ನಾಲಿಗೆ ಏಳದೆ ಜೊಲ್ಲು ಸುರಿಯುತ್ತಿತ್ತು. ಅವನ ಮುಖ ನೆನೆಸಿಕೊಂಡರೆ ಏಳುತ್ತಿತ್ತು. ಸ್ಪೀಚ್ ಥೆರಪಿಸ್ಟ್ ನನ್ನ ಛಲ ಹೊಗಳಿದರು. ಛಲವಲ್ಲ, ಹಗೆ ಎನ್ನಲು ನನಗೆ ಮಾತಿರಲಿಲ್ಲ. ತಮ್ಮನ ಎದುರು ಮಾತ್ರ ಬೇಕೆಂದೇ ಹೂಂ ಅನ್ನುತ್ತಿದ್ದೆ. ನಾಲ್ಕು ಜನರ ಮುಂದೆ ಅವನ ಮಾನ ಕಳೆಯಬೇಕಿತ್ತು.

ಕ್ರಯದ ದಿನ ರಿಜಿಸ್ಟ್ರಾರ್ ಕಚೇರಿಗೆ ಅವನೇ ಆಟೋದಲ್ಲಿ ಕರೆದೊಯ್ದ. ‘ಇಲ್ಲ’ವನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡು ಕೂತೆ. ಅಧಿಕಾರಿ ಕೇಳಿದರು: “ಯಜಮಾನ್ರೇ, ನಿಮ್ದೇನಾದ್ರೂ ತಕರಾರು ಇದ್ಯಾ?”

ಇಲ್ಲ ಅಂದರೆ ತೋಟ ಹೋಯಿತು!

“ಏನೂ ಇಲ್ಲ ಅನ್ನಣ್ಣ,” ತಮ್ಮ ನಕ್ಕ. ಈಗ ಹೂಂ ಅಂದರೂ ಅವನ ಮಾತಿಗೇ ಒಪ್ಪಿದಂತೆ. ತಿದ್ದಿದ ಮಾತು ಹಲ್ಲಿನವರೆಗೆ ಬಂದುಬಿಟ್ಟಿತ್ತು. ಕಚ್ಚಿ ಹಿಡಿದೆ. ಬೆವರಿದೆ. ಯಾರೂ ಹೇಳಿಕೊಡದ ಇನ್ನೊಂದು ಮಾತು ಎಲ್ಲಿಂದಲೋ ಸುತ್ತಿ ಬಳಸಿ ಬಂತು.

“ಐತೆ.”

ಅಧಿಕಾರಿ ಪತ್ರ ವಾಪಸ್ ಕೊಟ್ಟರು. ತಮ್ಮನ ಮುಖ ಕಪ್ಪಿಟ್ಟಿತು. ಅಷ್ಟು ಸುಖ ಯಾವ ಮಾತ್ರೆಯಿಂದಲೂ ನನಗೆ ಸಿಕ್ಕಿರಲಿಲ್ಲ.

ಬಲಗೈ ಇನ್ನೂ ಅರ್ಧವೇ ಏಳುತ್ತದೆ. ಚಿಗುರಿದ ನಾಳಗಳಿಗೆ, ಡಾಕ್ಟರಿಗೆ ನಾನು ಋಣಿ. ತಮ್ಮನನ್ನು ಕ್ಷಮಿಸಿಲ್ಲ. ಆಮೇಲೆ ಅವನ ಹೆಸರು ಬಂತು, ಅವನಿಗೆ ತಕ್ಕ ಬೈಗುಳಗಳೂ ಬಂದವು. ರತ್ನ ಎಂಬ ಎರಡಕ್ಷರ ಮಾತ್ರ ಬಂದಿಲ್ಲ. ಐದು ತಿಂಗಳು ನನ್ನ ಜೊಲ್ಲು ಒರೆಸಿದವಳು ಅವಳು. ನಾನು ದಿನಾ ನಾಲಿಗೆಯಲ್ಲಿ ತಿದ್ದಿದ್ದು ಅವನನ್ನು.